ರ‍್ಯಾಪರನ ಮೈಕಿಗೆ ಕಾಲೇಜಿನ ಶುಲ್ಕ: ಪರ–ವಿರೋಧ

ಅಮೆರಿಕದ ಕಾಲೇಜುಗಳಲ್ಲಿ ಬೋಧನಾ ಶುಲ್ಕದ ಬೆನ್ನಿಗೇ ‘ವಿದ್ಯಾರ್ಥಿ ಚಟುವಟಿಕೆ ಶುಲ್ಕ’ ಎಂಬ ಇನ್ನೊಂದು ಬಾಬತ್ತು ಅಂಟಿಕೊಂಡಿರುತ್ತದೆ. ಕೊಡಲೊಲ್ಲೆ ಎನ್ನುವಂತಿಲ್ಲ. ವಿದ್ಯಾರ್ಥಿಗಳದೇ ಸಮಿತಿಗಳು ಅದನ್ನು ಹಂಚುತ್ತವೆ, ಹಲವು ಕಡೆ ಅದರಲ್ಲೊಂದು ದೊಡ್ಡ ತುತ್ತು ವಸಂತದ ಬಯಲು ಸಂಗೀತಕ್ಕೆ ಹೋಗುತ್ತದೆ. ಈಚಿನ ವರ್ಷಗಳಲ್ಲಿ ಆ ವೇದಿಕೆಯ ಮುಖ್ಯ ಅತಿಥಿ ಬಹಳ ಸಲ ಹಿಪ್-ಹಾಪ್ ಸಂಗೀತದ ತಾಳಕ್ಕೆ ಪ್ರಾಸದ ಮಾತು ಹೊಸೆಯುವವನು, ಅಂದರೆ ಒಬ್ಬ ರ‍್ಯಾಪರ್. ಕಾಲೇಜು ತನ್ನ ಆವರಣದಲ್ಲಿ, ಎಲ್ಲರ ಹಣದಲ್ಲಿ, ಹಿಪ್-ಹಾಪ್ ಲೈವ್ ಕಾರ್ಯಕ್ರಮ ಮಾಡಬೇಕೆ? ಎರಡೂ ಕಡೆಯ ವಕಾಲತ್ತನ್ನು ನಾನೇ ವಹಿಸಿಕೊಂಡಿದ್ದೇನೆ.

ಪರ

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ. ಕಟ್ಟಡದ ಮನರಂಜನಾ ಕೋಣೆಯಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಲು ಕೂತವನು ಅವಳ ಅಣ್ಣ, ಲೋಕ ಮುಂದೆ ಕೂಲ್ ಹರ್ಕ್ ಎಂದು ಕರೆದವನು. ಹಿಪ್-ಹಾಪ್ ತನ್ನ ಹುಟ್ಟುಹಬ್ಬವನ್ನು ಆಚರಿಸುವುದು ಆ ದಿನದಂದೇ. ಶಾಲೆಯ ಬಟ್ಟೆಗಾಗಿ ಹುಟ್ಟಿದ ಸಂಗೀತಕ್ಕೆ ಕಾಲೇಜಿನ ಬಾಗಿಲಲ್ಲಿ ‘ನಿನಗೆ ಇಲ್ಲಿ ಏನು ಕೆಲಸ’ ಎಂದು ಕೇಳುವುದು ವಿಚಿತ್ರವೇ.

ಕೇಳುತ್ತಲೇ ಬಂದಿದ್ದಾರೆ ಅನ್ನಿ. ಜಾಝ್‌ಗೂ ಇದೇ ಮಾತು ಬಂದಿತ್ತು. ಬಾರುಗಳ ಹೊಗೆಯಲ್ಲಿ ನುಡಿಸುವ ಸಂಗೀತಕ್ಕೆ ವಿದ್ಯಾಮಂದಿರದಲ್ಲಿ ಏನು ಕೆಲಸ ಎಂದು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಪಿಯಾನೊವಾದಕ ಡೇವ್ ಬ್ರೂಬೆಕ್‌ರ ಪತ್ನಿ ಐಯೋಲಾ ಕಾಲೇಜಿನಿಂದ ಕಾಲೇಜಿಗೆ ಪತ್ರ ಬರೆದು ಕಾರ್ಯಕ್ರಮ ಗಿಟ್ಟಿಸುತ್ತಿದ್ದರು. 1953ರಲ್ಲಿ ಓಬರ್ಲಿನ್ ಕಾಲೇಜಿನಲ್ಲಿ, ಅಂದರೆ ಶಾಸ್ತ್ರೀಯ ಸಂಗೀತದ ಹೆಸರಾಂತ ಶಾಲೆಯಿರುವ ಜಾಗದಲ್ಲಿ, ಬ್ರೂಬೆಕ್ ತಂಡ ನುಡಿಸಿತು. ಇವತ್ತು ಜಾಝ್ ವಿಭಾಗವಿಲ್ಲದ ಸಂಗೀತ ಕಾಲೇಜನ್ನು ಅಲ್ಲಿ ಹುಡುಕಬೇಕು.

ಹಿಪ್-ಹಾಪ್ ಅಂತೂ ಅನುಮತಿಗೆ ಕಾಯಲೇ ಇಲ್ಲ. ಲಾಂಗ್ ಐಲೆಂಡಿನ ಅಡೆಲ್ಫೈ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದ ಚಕ್ ಡಿ, ಅಲ್ಲಿನ ಕಾಲೇಜು ರೇಡಿಯೊದಲ್ಲಿ ಕಲೆತವರ ಜೊತೆ ಕಟ್ಟಿದ ಹಿಪ್-ಹಾಪ್ ಗುಂಪೇ ಪಬ್ಲಿಕ್ ಎನಿಮಿ. 1984ರಲ್ಲಿ ಡೆಫ್ ಜ್ಯಾಮ್ ಎಂಬ ಹಿಪ್-ಹಾಪ್ ರೆಕಾರ್ಡ್ ಕಂಪನಿಯ ವಿಳಾಸ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನ ಒಂದು ಕೋಣೆ, ಅದು ವಿದ್ಯಾರ್ಥಿ ರಿಕ್ ರೂಬಿನ್‌ನದು. 1990ರಿಂದ 1998ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದ ರೇಡಿಯೊದಲ್ಲಿ ಸ್ಟ್ರೆಚ್ ಮತ್ತು ಬಾಬಿಟೊ ನಡೆಸಿದ ನಡುರಾತ್ರಿಯ ಕಾರ್ಯಕ್ರಮದಲ್ಲಿ, ಮುಂದೆ ತಾರೆಯರಾದ, ಆಗಿನ್ನೂ ಯಾರಿಗೂ ಗೊತ್ತಿರದ ನಾಸ್, ಬಿಗ್ಗಿ, ಜೇ-ಝೀ ಮೈಕಿನ ಮುಂದೆ ನಿಂತು ಪ್ರಾಸ ಕಟ್ಟಿದರು. 2007ರಿಂದ ಕಾರ್ನೆಲ್ ವಿಶ್ವವಿದ್ಯಾಲಯ ಹಿಪ್-ಹಾಪ್‌ನ ಆರಂಭಕಾಲದ ಪಾರ್ಟಿಗಳ ಕರಪತ್ರಗಳನ್ನು ಭಂಡಾರದಲ್ಲಿ ಜೋಪಾನ ಮಾಡುತ್ತಿದೆ. 2018ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ ಪುಲಿಟ್ಜರ್ ಸಂಗೀತ ಪ್ರಶಸ್ತಿಯೇ ಬಂತು, ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಹೊರಗಿನವರಿಗೆ ಸಂದದ್ದು ಅದೇ ಮೊದಲು. ಕರಪತ್ರಕ್ಕೆ ಏಸಿ ಕೋಣೆ, ಹಾಡುವವನಿಗೆ ಗೇಟಿನ ಹೊರಗೆ ಜಾಗ ಎಂದರೆ ಹೇಗೆ?

ಇನ್ನು ಲೈವ್ ಯಾಕೆ, ಫೋನಿನಲ್ಲೇ ಕೇಳಬಹುದಲ್ಲ ಎನ್ನುವವರಿಗೆ. ರ‍್ಯಾಪ್‌ನ ಕಸುಬು ಕಣ್ಣಿಗೆ ಬೀಳುವುದು ಎದುರಿಗೆ ನಿಂತಾಗ ಮಾತ್ರ. ಅದು ಮೊದಲು ಉಸಿರಿನ ಕೆಲಸ, ಆಮೇಲೆ ಮಾತಿನದು. ಸ್ಟುಡಿಯೊದಲ್ಲಿ ಸಾಲನ್ನು ತುಂಡು ತುಂಡಾಗಿ ಹಿಡಿದು ಹೊಲಿಯಬಹುದು. ವೇದಿಕೆಯ ಮೇಲೆ ಹದಿನಾರು ಸಾಲನ್ನು ಓಡಾಡುತ್ತಾ, ಜಿಗಿಯುತ್ತಾ ದಮ್ಮಿನ ಲೆಕ್ಕ ತಪ್ಪದಂತೆ ದಾಟಿಸಬೇಕು. ಪಕ್ಕದಲ್ಲಿ ಸುಮ್ಮನೆ ಕೂಗಾಡುವಂತೆ ಕಾಣುವ ‘ಹೈಪ್‌ಮ್ಯಾನ್’ ಇದ್ದಾನಲ್ಲ, ಅವನು ಸಾಲಿನ ಕೊನೆಯ ಪದವನ್ನು ಹಿಡಿದುಕೊಳ್ಳುತ್ತಾನೆ, ಆ ಅರೆಕ್ಷಣದಲ್ಲಿ ರ‍್ಯಾಪರ್ ಉಸಿರೆಳೆದುಕೊಳ್ಳುತ್ತಾನೆ. ಭಾಗವತಿಕೆಯ ಹಿಂದೆ ಶ್ರುತಿ ಹಿಡಿದವನಷ್ಟೇ ಲೆಕ್ಕದ ಕೆಲಸ ಅವನದು. ಹಿಂದೆ ನಿಂತು ರೆಕಾರ್ಡ್ ನುಡಿಸುವ ಡೀಜೆಯ ಕೈಗಳನ್ನೂ ನೋಡಬೇಕು. ಹಾಡಿನಲ್ಲಿ ಗಾಯನ ನಿಂತು ಬರೀ ಡ್ರಮ್ಮು ಉಳಿಯುವ ಕೆಲವು ಸೆಕೆಂಡಿಗೆ ‘ಬ್ರೇಕ್’ ಎನ್ನುತ್ತಾರೆ. ಕುಣಿಯುವವರು ಕಾಯುವುದು ಅದಕ್ಕೇ ಎಂದು ಹರ್ಕ್ ಗಮನಿಸಿದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರುಮಾಡಿದ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಇನ್ನೊಬ್ಬ ಡೀಜೆ ಬಂದು ರೆಕಾರ್ಡಿನ ಮೇಲೆ ಕ್ರೇಯಾನಿನಿಂದ ಗೆರೆ ಎಳೆದು, ಗಡಿಯಾರದ ಮುಳ್ಳಿನಂತೆ ಓದುತ್ತಾ, ಬ್ರೇಕಿನ ಜಾಗವನ್ನು ಕರಾರುವಾಕ್ಕಾಗಿ ಹಿಡಿದ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠವಾಗಬೇಕಾದ ಸಂಗತಿಯಿದು.

ಅಶ್ಲೀಲ, ಹೆಣ್ಣನ್ನು ಹೀಗಳೆಯುವ ಸಾಲುಗಳ ಮಾತು ಬರುತ್ತದೆ. ಬರಬೇಕು ಕೂಡ. 2015ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಸಂತೋತ್ಸವದಿಂದ ರ‍್ಯಾಪರ್ ಆಕ್ಷನ್ ಬ್ರಾನ್ಸನ್‌ನ ಹೆಸರನ್ನು ಕೈಬಿಡಿಸಿದ್ದು ವಿದ್ಯಾರ್ಥಿಗಳ ಮನವಿಯೇ. ಯಾರನ್ನು ಕರೆಯಬೇಕು, ಯಾಕೆ ಕರೆಯಬಾರದು ಎಂದು ಇಪ್ಪತ್ತರ ವಯಸ್ಸಿನವರು ಬಹಿರಂಗವಾಗಿ ಜಗಳವಾಡುವುದಕ್ಕೆ ಕಾಲೇಜಿಗಿಂತ ಒಳ್ಳೆಯ ಜಾಗ ಯಾವುದು? ಹಣದ ತಕರಾರಿಗೂ ಉತ್ತರವಿದೆ. 2000ನೇ ಇಸವಿಯ ಸೌತ್‌ವರ್ತ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಡ್ಡಾಯ ಶುಲ್ಕದ ಹಣ ಕೆಲವರಿಗೆ ಒಪ್ಪಿಗೆಯಿಲ್ಲದ ಮಾತಿಗೂ ಹೋಗಬಹುದು, ಆದರೆ ಹಂಚುವಾಗ ಯಾವ ನಿಲುವಿನ ಪಕ್ಷವನ್ನೂ ವಹಿಸಬಾರದು ಎಂದಿತು. ನಾಟಕ, ಚರ್ಚಾಕೂಟ, ಪ್ರಾರ್ಥನಾ ಬಳಗಗಳಿಗೆ ಸಲ್ಲುವ ನ್ಯಾಯ ಹಿಪ್-ಹಾಪ್‌ಗೂ ಸಲ್ಲಲಿ.

ನೂಕುನುಗ್ಗಲಿನ ಭಯವೆ? 1979ರ ಡಿಸೆಂಬರ್ 3ರಂದು ಸಿನ್ಸಿನಾಟಿಯಲ್ಲಿ ‘ದ ಹೂ’ ರಾಕ್ ತಂಡದ ಕಾರ್ಯಕ್ರಮದ ಬಾಗಿಲಲ್ಲಿ 11 ಜನ ಸತ್ತರು. ತಪ್ಪು ಹುಡುಕಿದ್ದು ಬಾಗಿಲು ತೆರೆಯುವ ಕ್ರಮದಲ್ಲಿ, ಸೀಟು ಕಾಯ್ದಿರಿಸದ ಟಿಕೆಟ್ಟಿನಲ್ಲಿ, ಗಿಟಾರಿನಲ್ಲಲ್ಲ. ರ‍್ಯಾಪ್ ಬಂದಾಗ ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ವಿರೋಧ

ಆ ಎಮ್ಮೆಯ ವಿಷಯದಿಂದಲೇ ಶುರುಮಾಡುತ್ತೇನೆ. 1991ರ ಡಿಸೆಂಬರ್ 28. ನ್ಯೂಯಾರ್ಕಿನ ಸಿಟಿ ಕಾಲೇಜಿನ ಜಿಮ್ನೇಷಿಯಂನಲ್ಲಿ ರ‍್ಯಾಪ್ ತಾರೆಯರ ಬ್ಯಾಸ್ಕೆಟ್‌ಬಾಲ್ ಆಟ. ಆಯೋಜಿಸಿದವರಲ್ಲಿ ಆಗಿನ್ನೂ ಹೆಸರು ಮಾಡುತ್ತಿದ್ದ ಶಾನ್ ಕೂಂಬ್ಸ್ ಮತ್ತು ರ‍್ಯಾಪರ್ ಹೆವಿ ಡಿ ಇದ್ದರು. ಜಾಗ ಹಿಡಿಸುವುದಕ್ಕಿಂತ ಬಹಳ ಹೆಚ್ಚು ಜನ ಬಂದರು. ಒಳಗೆ ಹೋಗಲು ಕೆಳಕ್ಕಿಳಿಯುವ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಬಾಗಿಲು. ಹಿಂದಿನವರಿಗೆ ಮುಂದಿನ ಬಾಗಿಲು ಮುಚ್ಚಿರುವುದು ಕಾಣದು, ಮುಂದಿನವರಿಗೆ ಹಿಂದಕ್ಕೆ ಬರಲಾಗದು. ಒಂಬತ್ತು ಎಳೆಯ ಜೀವಗಳು ಹೋದವು. ಅಲ್ಲಿ ನಡೆಯಬೇಕಿದ್ದದ್ದು ಆಟ, ಹಾಡಲ್ಲ. ಹಾಗಾಗಿ ಸಂಗೀತದ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಆದರೆ ನ್ಯಾಯಾಲಯ ಮುಂದೆ ಹೊಣೆಯ ಅರ್ಧವನ್ನು ಆಯೋಜಕರ ಮೇಲೂ ಉಳಿದರ್ಧವನ್ನು ವಿಶ್ವವಿದ್ಯಾಲಯದ ಮೇಲೂ ಹಾಕಿತು. ಬಾಗಿಲು ಕಾಯುವುದು, ಗುಂಪಿನ ಒತ್ತಡ ಅಳೆಯುವುದು, ಟಿಕೆಟ್ ನಿಲ್ಲಿಸುವ ಗಳಿಗೆ ತಿಳಿಯುವುದು ಒಂದು ಕಸುಬು. ಸಂಗೀತ ಸಭಾಂಗಣದವರು ಅದನ್ನು ದಿನಾ ಮಾಡುತ್ತಾರೆ. ಕಾಲೇಜು ವರ್ಷಕ್ಕೊಮ್ಮೆ ಮಾಡುತ್ತದೆ, ಅದೂ ಪ್ರತಿವರ್ಷ ಬದಲಾಗುವ ಸಮಿತಿಯ ಕೈಯಲ್ಲಿ. ಹೋದ ವರ್ಷದ ತಪ್ಪಿನಿಂದ ಕಲಿತವರು ಈ ವರ್ಷ ಪದವಿ ಪಡೆದು ಹೋಗಿರುತ್ತಾರೆ.

ರಟ್ಗರ್ಸ್ ವಿಶ್ವವಿದ್ಯಾಲಯದ 2011ರ ವಸಂತ ನೋಡಿ. ಮಾರ್ಚಿನಲ್ಲಿ ವಿದ್ಯಾರ್ಥಿ ಶುಲ್ಕದ 32,000 ಡಾಲರ್ ಕೊಟ್ಟು ರಿಯಾಲಿಟಿ ಶೋ ತಾರೆ ಸ್ನೂಕಿಯನ್ನು ಕರೆಸಿದರು. ಅದೇ ವರ್ಷ ಘಟಿಕೋತ್ಸವ ಭಾಷಣಕ್ಕೆ ನೊಬೆಲ್ ಪಡೆದ ಕಾದಂಬರಿಕಾರ್ತಿ ಟೋನಿ ಮಾರಿಸನ್‌ಗೆ ಕೊಟ್ಟದ್ದು 30,000. (ಸ್ನೂಕಿ ಹಾಡುವುದಿಲ್ಲ, ಬಲ್ಲೆ. ಆದರೆ ‘ಜನಪ್ರಿಯರನ್ನು ಕರೆಸೋಣ’ ಎಂಬ ತರ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಆ ಎರಡು ಸಾವಿರ ಡಾಲರಿನ ಅಂತರ ಸಾಕು.) ಏಪ್ರಿಲಿನಲ್ಲಿ ‘ರಟ್ಗರ್ಸ್‌ಫೆಸ್ಟ್’ ಬಯಲು ಸಂಗೀತೋತ್ಸವ. ಹಾಡು ಮುಗಿದ ಮೇಲೆ ಊರ ಬೀದಿಗಳಲ್ಲಿ ಗುಂಡು ಹಾರಿತು. ಹೊರಗಿನಿಂದ ಸಾವಿರಾರು ಜನ ಬಂದಿದ್ದರು, ವೇದಿಕೆಯ ಮೇಲಿದ್ದವರು ಯಾರೂ ಗುಂಡು ಹಾರಿಸಲಿಲ್ಲ. ಅಧ್ಯಕ್ಷರು ಆ ಉತ್ಸವವನ್ನೇ ಕಾಯಮ್ಮಾಗಿ ನಿಲ್ಲಿಸಿದರು. ದೊಡ್ಡ ಹಬ್ಬಕ್ಕೆ ಮನಸ್ಸು ಮಾಡಿದವರಿಗೆ ಊರಿಡೀ ಬರುವ ನೆಂಟರ ಲೆಕ್ಕವಿರಲಿಲ್ಲ. ಗ್ರಂಥಾಲಯದ ವೇಳೆ, ಆಪ್ತಸಮಾಲೋಚನೆಯ ಸಾಲು ಇವೆಲ್ಲ ಬಡಕಲಾಗಿರುವಾಗ ಒಂದು ಸಂಜೆಗೆ ಹಣ ಸುರಿಯುವುದನ್ನು ಕಂಡರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನದೆ ಇನ್ನೇನೆನ್ನಲಿ.

ಉಸಿರು, ಹೈಪ್‌ಮ್ಯಾನ್, ಕ್ರೇಯಾನಿನ ಗೆರೆ ಎಂದೆಲ್ಲ ಪರ ಪಕ್ಷ ಚೆನ್ನಾಗಿಯೇ ಹೇಳಿತು. ಎಷ್ಟು ಕಡೆ ಅದು ಕಾಣಲು ಸಿಗುತ್ತದೆ? ಸ್ಟುಡಿಯೊದಲ್ಲಿ ಹಾಡಿಟ್ಟ ತನ್ನದೇ ದನಿಯ ಟ್ರ್ಯಾಕನ್ನು ಹಾಕಿ, ಅದರ ಮೇಲೆ ಸಾಲಿಗೊಂದು ಪದ ಕೂಗಿ, ಮೈಕನ್ನು ಜನರತ್ತ ಚಾಚಿ, ಮುಕ್ಕಾಲು ಗಂಟೆಯಲ್ಲಿ ಇಳಿದುಹೋಗುವ ತಾರೆಯರು ಕಡಿಮೆಯೇನಿಲ್ಲ. ಫಿಲಡೆಲ್ಫಿಯಾದ ‘ದ ರೂಟ್ಸ್’ನಂತೆ ಡ್ರಮ್ಮು, ಬೇಸ್ ಎಲ್ಲವನ್ನೂ ಎದುರಿಗೇ ನುಡಿಸುವ ತಂಡಗಳು ಇವೆ, ಆದರೆ ಸಮಿತಿ ಹುಡುಕುವುದು ಆ ವಾರ ಎಲ್ಲರ ಫೋನಿನಲ್ಲಿರುವ ಹೆಸರನ್ನು. ಮೇಲಿಂದ ಕಾಲೇಜು ಒಪ್ಪಂದದಲ್ಲಿ ‘ಕೆಟ್ಟ ಪದ ಬೇಡ’ ಎಂದು ಸೇರಿಸುತ್ತದೆ. ಆಗ ಬರುವುದು ಹಲ್ಲು ಕಿತ್ತ ಹಾವು. ಅದನ್ನು ನೋಡಿ ಹಿಪ್-ಹಾಪ್ ಕಂಡೆವು ಎಂದುಕೊಂಡವರ ಬಗ್ಗೆ ನನಗೆ ಕನಿಕರವಿದೆ.

ಕಿವಿಯದೂ ಒಂದು ಮಾತು. ಸಂಗೀತದ ಜಾಗಗಳಲ್ಲಿ ಹದಿನೈದು ನಿಮಿಷದ ಸರಾಸರಿ ಶಬ್ದ 100 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಿತಿ ಹಾಕಿದೆ. ಬಯಲಿನಲ್ಲಿ ಸಬ್‌ವೂಫರ್ ಜೋಡಿಸಿದ ಎಷ್ಟು ಸಮಿತಿಗಳ ಕೈಯಲ್ಲಿ ಅಳತೆಯ ಮೀಟರು ಇರುತ್ತದೋ.

ಈಗ ಪರ ಪಕ್ಷದ ಸಾಕ್ಷಿಗಳನ್ನೇ ಕರೆಯುತ್ತೇನೆ. ಸೆಡ್ಜ್‌ವಿಕ್ ಅವೆನ್ಯೂದ್ದು ಕಟ್ಟಡದ ಒಂದು ಕೋಣೆ, ಟಿಕೆಟ್ 25, 50 ಸೆಂಟ್. ಅಡೆಲ್ಫೈಯದ್ದು ಕಾಲೇಜು ರೇಡಿಯೊ. ಡೆಫ್ ಜ್ಯಾಮ್‌ದು ಮಂಚದ ಪಕ್ಕದ ಜಾಗ. ಕೊಲಂಬಿಯಾದ್ದು ಬೇರೆ ಯಾರಿಗೂ ಬೇಡವಾದ ನಡುರಾತ್ರಿ. ಇವುಗಳಲ್ಲಿ ಒಂದಕ್ಕೂ ಸಂಭಾವನೆ ಕೊಟ್ಟು ತಾರೆಯನ್ನು ಕರೆಸಿರಲಿಲ್ಲ. ಕ್ಯಾಂಪಸ್ಸು ಹಿಪ್-ಹಾಪ್‌ಗೆ ಕೊಟ್ಟದ್ದು ಬೀಗದಕೈ, ಒಂದು ಮೈಕು ಮತ್ತು ಯಾರೂ ಬಂದು ಕೇಳದಷ್ಟು ಹೊತ್ತು. ನಾಸ್ ಅಲ್ಲಿಗೆ ಬಂದದ್ದು ಹೆಸರಿಲ್ಲದವನಾಗಿ. ಈಗಿನ ವಸಂತೋತ್ಸವದ ಸಮಿತಿಯ ಎದುರು ಆ ಹೆಸರಿಲ್ಲದ ಹುಡುಗ ಅರ್ಜಿ ಹಿಡಿದು ನಿಂತರೆ, ಅವನಿಗೆ ಸಿಗುವುದು ಮುಖ್ಯ ಅತಿಥಿ ಬರುವ ಮುಂಚೆ ಖಾಲಿ ಹುಲ್ಲಿನ ಎದುರು ಹತ್ತು ನಿಮಿಷ.

ಆ ಶುಲ್ಕದಲ್ಲಿ ರೆಕಾರ್ಡ್ ತಿರುಗಿಸುವ ಎರಡು ಟರ್ನ್‌ಟೇಬಲ್, ಅವುಗಳ ದನಿ ಬೆರೆಸುವ ಒಂದು ಮಿಕ್ಸರ್ ಕೊಂಡು ನೆಲಮಾಳಿಗೆಯ ಕೋಣೆಯೊಂದರಲ್ಲಿಟ್ಟು, ವಾರಕ್ಕೊಂದು ರಾತ್ರಿ ಬಾಗಿಲು ತೆರೆದಿಡಿ. ವಿದ್ಯಾರ್ಥಿಗಳು ಸುತ್ತ ನಿಂತು, ಸರದಿಯ ಮೇಲೆ ಪ್ರಾಸ ಕಟ್ಟಲಿ. ಅದಕ್ಕೆ ಅವರು ‘ಸೈಫರ್’ ಎನ್ನುತ್ತಾರೆ. ಅಲ್ಲಿ ಬಾಯಿ ತಪ್ಪಿದವನನ್ನು ನೋಡಿ ನಗುವವರು ಇಪ್ಪತ್ತು ಜನ, ಮುಂದಿನ ವಾರ ಅವನು ಮತ್ತೆ ಬರುತ್ತಾನೆ. ದೊಡ್ಡ ವೇದಿಕೆಯ ಟಿಕೆಟ್ಟನ್ನು, ಬೇಕಾದವರು, ಊರಿನ ಸಭಾಂಗಣದಲ್ಲಿ ಸ್ವಂತ ಕಾಸು ಕೊಟ್ಟು ಕೊಳ್ಳಲಿ.