ಟೀವಿ ಕ್ವಾಂಟಮ್ ಡಾಟ್ ಬೇರೆ, ಚಿಪ್ ಮೇಲೆ ತಾನಾಗೇ ಏಳೋ ಡಾಟ್ ಬೇರೆ

ಕ್ವಾಂಟಮ್ ಡಾಟ್ ಅಂದ್ರೆ ನ್ಯಾನೋಮೀಟರ್ ಲೆಕ್ಕದ, ತೀರಾ ಪುಟ್ಟ ಅರೆವಾಹಕದ (ಸೆಮಿಕಂಡಕ್ಟರ್) ಚೂರು. "2023ರ ಕೆಮಿಸ್ಟ್ರಿ ನೊಬೆಲ್ ಬಂದಿದ್ದು ಚಿಪ್ ಮೇಲೆ ತಾವಾಗೇ ಬೆಳೆಯೋ ಕ್ವಾಂಟಮ್ ಡಾಟ್‌ಗಳಿಗೆ, ಅವೆಲ್ಲಾ ಒಂದೇ ಸೈಜು, ಅದಕ್ಕೇ ಟೀವೀಲಿ ಅಷ್ಟು ಶುದ್ಧ ಬಣ್ಣ" ಅಂತ ಒಂದು ಮೆಸೇಜ್ ಓಡಾಡ್ತಿದೆ, ಪೂರ್ತಿ ತಪ್ಪು. ವಿಜ್ಞಾನಿಗಳಾದ ಬವೆಂಡಿ, ಬ್ರೂಸ್, ಎಕಿಮೋವ್ ಅವ್ರಿಗೆ ನೊಬೆಲ್ ಬಂದಿದ್ದು ಗಾಜಿನಲ್ಲಿ, ದ್ರಾವಣದಲ್ಲಿ ಮಾಡಿದ ಡಾಟ್‌ಗಳಿಗೆ.

ಚಿಪ್ ಮೇಲೆ ತಾನಾಗೇ ಏಳೋ ಡಾಟ್ ಕಥೆನೇ ಬೇರೆ. ನಿರ್ವಾತದಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಗ್ಯಾಲಿಯಮ್ ಆರ್ಸೆನೈಡ್ ಅನ್ನೋ ಅರೆವಾಹಕದ ಮೇಲೆ ಇಂಡಿಯಮ್ ಆರ್ಸೆನೈಡ್ ಅನ್ನೋ ಇನ್ನೊಂದು ಅರೆವಾಹಕ ಕೂರಿಸ್ತಾ ಹೋಗ್ತಾರೆ, ಎರಡರ ಹರಳಲ್ಲಿ ಪರಮಾಣುಗಳ ನಡುವಿನ ಅಂತರದಲ್ಲಿ ಸುಮಾರು 7% ವ್ಯತ್ಯಾಸ ಇರೋದ್ರಿಂದ ಪದರ ಬಿಗೀತಾ ಬಂದು, ಎರಡು ಅಣು ಪದರ ತುಂಬೋಕೂ ಮುಂಚೆನೇ ಆ ಒತ್ತಡ ತಡೀಲಾರ್ದೆ ಪುಟ್ಟ ಪುಟ್ಟ ಗುಡ್ಡೆಗಳಾಗಿ ಎದ್ಬಿಡುತ್ತೆ, ಯಾರೂ ಕೆತ್ತಲ್ಲ. ನಂಗಂತೂ ಇದೇ ತುಂಬಾ ಚೆಂದ ಅನ್ಸೋದು.

ಆದ್ರೆ ತಾವಾಗೇ ಏಳೋದ್ರಿಂದ್ಲೇ ಸೈಜು ಒಂದೇ ಇರಲ್ಲ, ಚಿಕ್ಕ ಡಾಟಲ್ಲಿ ಎಲೆಕ್ಟ್ರಾನ್‌ಗೆ ಜಾಗ ಕಮ್ಮಿ, ಹಂಗಾಗಿ ಬೆಳಕಿನ ಎನರ್ಜಿ ಜಾಸ್ತಿ, ಎಲ್ಲಾ ಒಟ್ಟಿಗೆ ನೋಡಿದ್ರೆ ಸ್ಪೆಕ್ಟ್ರಮ್ (ಬೆಳಕಲ್ಲಿರೋ ಬಣ್ಣಗಳ ಹರವು) ಅಗಲವಾಗಿ ಹರಡಿರುತ್ತೆ. ಒಂದೇ ಒಂದು ಡಾಟನ್ನ 4 ಕೆಲ್ವಿನ್‌ವರೆಗೆ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ತಣ್ಣಗೆ ಮಾಡಿ ನೋಡಿದ್ರೆ ಸ್ಪೆಕ್ಟ್ರಮ್‌ನಲ್ಲಿ ತೆಳ್ಳನೆ ಗೆರೆ ಸಿಗುತ್ತೆ. ಅದೂ ಇನ್‌ಫ್ರಾರೆಡ್, ಕಣ್ಣಿಗೆ ಕಾಣಲ್ಲ, ಟೀವಿಗೆ ಆಗಿಬರಲ್ಲ. ಇವು ಬೇಕಾಗೋದು ಲೇಸರ್‌ಗೆ, ಒಂದೊಂದೇ ಫೋಟಾನ್ (ಬೆಳಕಿನ ಕಣ) ಬಿಡೋ ಸಾಧನಗಳಿಗೆ.