ಶೇಕಡಾ 49 ಅಂಕಕ್ಕೆ ಸೈಕಾಲಜಿ ಸಿಗುತ್ತದೆಯೇ?

ರಾಣೆಬೆನ್ನೂರಿನಲ್ಲಿರುವ ಅಣ್ಣನ ಮಗಳು ಪಿಯುಸಿ ವಿಜ್ಞಾನದಲ್ಲಿ ಶೇಕಡಾ 49 ಅಂಕ ಪಡೆದಿದ್ದಾಳೆ. ಫಲಿತಾಂಶ ಬಂದ ಸಂಜೆಯೇ ಫೋನ್ ಮಾಡಿ, "ಅತ್ತಿ, ಇಷ್ಟ ಮಾರ್ಕ್ಸಿಗೆ ಸೈಕಾಲಜಿ ಸಿಗತೈತೇನ?" ಎಂದು ಕೇಳಿದಳು. ಇದೇ ಪ್ರಶ್ನೆ ಹೊತ್ತು ನಾನು ಧಾರವಾಡಕ್ಕೆ ಬಂದಾಗ, ಕಾಲೇಜೊಂದರಲ್ಲಿ ನನ್ನ ಅಂಕಪಟ್ಟಿ ನೋಡಿದವರು ಅರ್ಜಿಯನ್ನೂ ಕೊಡದೆ ಕಳಿಸಿದ್ದರು. ಎರಡನೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆ ಅರ್ಧ ದಿನದ ಅವಮಾನ ಇಂದಿಗೂ ನೆನಪಿದೆ.

ಪಿಯುಸಿಯನ್ನು ಯಾವ ವಿಭಾಗದಲ್ಲಿ ಪಾಸಾದವರೂ ಬಿ.ಎ. ಸೇರಿ ಮನೋವಿಜ್ಞಾನವನ್ನು ಆರಿಸಿಕೊಳ್ಳಬಹುದು. ಬೇಡಿಕೆ ಹೆಚ್ಚಿರುವ ಕಾಲೇಜಿನ ಮೆರಿಟ್ ಪಟ್ಟಿಯಲ್ಲಿ ಹೆಸರು ಬರದಿದ್ದರೆ, ಈ ವಿಷಯವಿರುವ ಬೇರೆ ಕಾಲೇಜನ್ನು ಹುಡುಕಬೇಕೇ ಹೊರತು ಆಸೆಯನ್ನು ಬಿಡಬೇಕಿಲ್ಲ. ಪಿಯುಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ, ಪಾಸಾದವರೂ ಪುನಃ ಬರೆದು ಅಂಕ ಹೆಚ್ಚಿಸಿಕೊಳ್ಳಬಹುದು. ದೂರಶಿಕ್ಷಣದ ದಾರಿಯನ್ನು ಮಾತ್ರ ನಂಬಬೇಡಿ; ಮನೋವಿಜ್ಞಾನದ ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳಿಗೆ ಹೊಸ ಪ್ರವೇಶವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರಲ್ಲಿ ನಿಲ್ಲಿಸಿದೆ.

ಹುಡುಗಿಗೆ ನಾನು ಹೆಚ್ಚು ಹೊತ್ತು ಹೇಳಿದ್ದು ಸೇರಿದ ಮೇಲಿನ ಕಥೆಯನ್ನು. ಮನೋವಿಜ್ಞಾನವೆಂದರೆ ಜನರ ದುಃಖ ಕೇಳುವುದು ಎಂದುಕೊಂಡು ಬಂದ ನನಗೆ ಮೊದಲು ಎದುರಾದದ್ದು ಸಂಖ್ಯಾಶಾಸ್ತ್ರ: ಸರಾಸರಿ, ಮಾನಕ ವಿಚಲನೆ, ಸಹಸಂಬಂಧ. ಪ್ರಯೋಗಾಲಯದಲ್ಲಿ ಕನ್ನಡಿಯೊಳಗೆ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕಿತ್ತು. ಕೈ ಎತ್ತಲೋ ಹೋಗುತ್ತಿತ್ತು. ಪ್ರತಿ ಸುತ್ತಿನ ಸಮಯ ಮತ್ತು ತಪ್ಪುಗಳನ್ನು ಬರೆದು, ಅಭ್ಯಾಸದಿಂದ ತಪ್ಪು ಕಡಿಮೆಯಾಗುವುದನ್ನು ಗ್ರಾಫಿನಲ್ಲಿ ಕಂಡ ದಿನ, ಮನಸ್ಸನ್ನೂ ಅಳೆದು ನೋಡಬಹುದೆಂಬ ಮಾತು ನನಗೆ ಅರ್ಥವಾಯಿತು. ಪಿಯುಸಿಯಲ್ಲಿ ಗಣಿತಕ್ಕೆ ಹೆದರಿ ಅಂಕ ಕಳೆದುಕೊಂಡವರು ಇಲ್ಲಿ ಅದನ್ನು ಮತ್ತೆ ಮುಂದೂಡಿದರೆ ಕಷ್ಟಪಡುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಪಠ್ಯದ ಇಂಗ್ಲಿಷ್ ಇನ್ನೊಂದು ತೊಡಕು. ನಾನು ದಿನಕ್ಕೆ ಎರಡೇ ಪುಟವನ್ನು ನಿಘಂಟು ಹಿಡಿದು ಓದುತ್ತಿದ್ದೆ.

ಎಂ.ಎ.ಗೆ ಸೀಟು ಕೇಳುವಾಗ ಬಿ.ಎ. ಅಂಕಗಳನ್ನು ನೋಡುತ್ತಾರೆ. ಮಾನಸಿಕ ತೊಂದರೆಗಳನ್ನು ಪರೀಕ್ಷಿಸಿ ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಎಂ.ಎ. ಕೂಡ ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮುಗಿಸಿ ಅಲ್ಲಿ ನೋಂದಾಯಿಸಿಕೊಳ್ಳಬೇಕು. ಇದು ದೀರ್ಘ ದಾರಿಯೆಂದು ತಂದೆತಾಯಿಗೂ ಮೊದಲೇ ತಿಳಿದಿರಬೇಕು. ಆದರೂ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಗದಗ, ಹಾವೇರಿಯ ಹಳ್ಳಿಗಳಿಂದ ಬರುವವರ ಸಂಕಟವನ್ನು ಅವರ ಮಾತಿನಲ್ಲೇ ಕೇಳಬಲ್ಲವರು ನಮ್ಮ ಭಾಗದಿಂದಲೇ ಬರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅಂಥವರನ್ನು ಹದಿನೆಂಟನೆಯ ವಯಸ್ಸಿನ ಒಂದು ಅಂಕಪಟ್ಟಿ ನೋಡಿ ಬಾಗಿಲಲ್ಲೇ ತಡೆಯುವುದು ಅನ್ಯಾಯ.

ಅಣ್ಣನ ಮಗಳು ಭೌತಶಾಸ್ತ್ರ ಮತ್ತು ಗಣಿತವನ್ನು ಎರಡನೆಯ ಪರೀಕ್ಷೆಯಲ್ಲಿ ಮತ್ತೆ ಬರೆಯುತ್ತಿದ್ದಾಳೆ. ಅದು ಮುಗಿದ ಮರುದಿನ ಧಾರವಾಡಕ್ಕೆ ಬರುತ್ತಾಳೆ. ಅರ್ಜಿ ಕೊಡಲು ಅವಳೊಂದಿಗೆ ನಾನೂ ಹೋಗುತ್ತೇನೆ.