84 ದಿನದ ಪ್ಯಾಕು, 90 ದಿನದ ವೀಸಾ

ಬೆಳಿಗ್ಗೆ ಆರೂವರೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಮಗಳ ಮನೆ. ರಾತ್ರಿಯೆಲ್ಲ ಅತ್ತ ಮೊಮ್ಮಗ ಆಗಷ್ಟೇ ಕಣ್ಣು ಮುಚ್ಚಿದ್ದ. ನನ್ನ ಹಾಸನದ ನಂಬರ್ ಹೊಡೆದುಕೊಂಡಿತು. ಊರಲ್ಲಿ ಯಾರಿಗೆ ಏನಾಯಿತೋ ಅಂತ ಎದೆ ಧಸಕ್ಕೆಂದಿತು, ಎತ್ತಿದೆ.

"ಮೇಡಂ, ಪರ್ಸನಲ್ ಲೋನ್ ಬೇಕಿತ್ತಾ?"

ಇಂಡಿಯಾದಲ್ಲಿ ಹತ್ತು ಗಂಟೆಯಲ್ಲವಾ, ಆಫೀಸು ತೆರೆದಿರುತ್ತೆ ಪಾಪ! ನಾನು ಹೇಳಿದ ಒಂದು "ಬೇಡಪ್ಪ"ಕ್ಕೆ ರೋಮಿಂಗ್ ಲೆಕ್ಕದಲ್ಲಿ ನನ್ನ ದುಡ್ಡೇ ಕಟ್ ಆಯಿತು. ಬೇಡದ ಕರೆ ಬಂದದ್ದಕ್ಕೆ ನಾನು ದಂಡ ಕಟ್ಟಬೇಕು.

ನನ್ನ ಬದುಕು ಈಗ ಮೂರು ತಿಂಗಳು ಅಲ್ಲಿ, ಮೂರು ತಿಂಗಳು ಇಲ್ಲಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾದ ನಿಯಮವೇ ಹಾಗೆ, 180 ದಿನದಲ್ಲಿ 90 ದಿನ ಮಾತ್ರ. ಮಗಳು ಕೆಲಸಕ್ಕೆ ಹೋದರೆ ಮಗು ನೋಡಿಕೊಳ್ಳೋಕೆ ನಾನು. ಅಳಿಯ ಕೇಳುತ್ತಾನೆ, "ಇಂಡಿಯಾ ನಂಬರ್ ಬಿಟ್ಟುಬಿಡಿ ಅತ್ತೆ, ಯಾಕೆ ತಾಪತ್ರಯ?" ಬಿಡೋದು ಹೇಗಪ್ಪಾ? ಪಿಂಚಣಿ ಖಾತೆ, ಆಧಾರ್, ಗ್ಯಾಸ್ ಎಲ್ಲದರ ಜುಟ್ಟು ಆ ನಂಬರಿನ ಕೈಯಲ್ಲಿದೆ. ಅದು ಸತ್ತರೆ ಒಟಿಪಿ ಇಲ್ಲ. ಒಟಿಪಿ ಇಲ್ಲ ಅಂದರೆ ನನ್ನ ದುಡ್ಡು ನನ್ನದಲ್ಲ.

ನನಗೆ ಬೇಕಾದ್ದು ಇಷ್ಟೇ. ನಾನಿಲ್ಲದಾಗ ಸಿಮ್ಮು ಸುಮ್ನೆ ಉಸಿರಾಡಿಕೊಂಡಿರಬೇಕು. ಒಟಿಪಿ ಬಂದರೆ ಸಾಕು. ಇದನ್ನು ರೀಚಾರ್ಜ್ ಅಂಗಡಿಯ ಹುಡುಗನಿಗೆ ಹೇಳಿದರೆ ಅವನು ದಿನಕ್ಕೆ ಎರಡು ಜಿಬಿ ಪ್ಯಾಕ್ ತೋರಿಸುತ್ತಾನೆ. ಆ ಎರಡು ಜಿಬಿ ಮ್ಯೂನಿಕ್‌ನಲ್ಲಿ ನಡೆಯೋದೇ ಇಲ್ಲ! 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ನಂಬರ್ ಉಳಿಯುತ್ತೆ ಅಂತ ಟ್ರಾಯ್ (ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನಿಯಮ ಇದೆಯಲ್ಲ ಅಂತ ಕೇಳಿದೆ. "ನಂಬರ್ ಬೇರೆಯವರಿಗೆ ಕೊಡಲ್ಲ ಅಷ್ಟೇ ಮೇಡಂ, ಮೆಸೇಜ್ ಬರಬೇಕು ಅಂದ್ರೆ ಪ್ಯಾಕ್ ಇರಲೇಬೇಕು" ಅಂದ. ಡೇಟಾ ಇಲ್ಲದ, ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಪ್ಯಾಕ್ ಕೊಡಿ ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿತು, ನಿಜ. ಆದರೆ ಅದರಲ್ಲೂ ನಾನು ಮಾಡದ ಅನ್‌ಲಿಮಿಟೆಡ್ ಕಾಲ್‌ಗೆ ದುಡ್ಡು ಕೊಡಬೇಕಲ್ಲ?

ನಾನು ಗಣಿತದ ಟೀಚರ್ ಆಗಿದ್ದವಳು. ಈ 28 ದಿನದ ತಿಂಗಳು ಕಂಡರೆ ಮೈ ಉರಿಯುತ್ತದೆ. 365ನ್ನು 28ರಿಂದ ಭಾಗಿಸಿ, ವರ್ಷಕ್ಕೆ 13 ರೀಚಾರ್ಜ್. ನಮ್ಮ ಪಂಚಾಂಗದವರು ಕೂಡ ಅಧಿಕಮಾಸವನ್ನು ಮೂರು ವರ್ಷಕ್ಕೊಮ್ಮೆ ತರುತ್ತಾರೆ. ಇವರಿಗೆ ಪ್ರತಿ ವರ್ಷ ಅಧಿಕಮಾಸ!

ಜರ್ಮನಿಯವರು ಸಾಚಾ ಅಂದುಕೊಳ್ಳಬೇಡಿ. ಅಲ್ಲೂ ಪ್ರೀಪೇಯ್ಡ್ ಅಂದರೆ ಅದೇ ನಾಲ್ಕು ವಾರ. ಕಾಂಟ್ರಾಕ್ಟ್ ಅಗ್ಗ ಅಂತ ಹೋದರೆ 24 ತಿಂಗಳಿಗೆ ಸಹಿ ಹಾಕು ಅನ್ನುತ್ತಾರೆ, ನನ್ನ ವೀಸಾ ಇರೋದೇ 90 ದಿನ. 2017ರಿಂದ ಅಲ್ಲಿ ಗುರುತು ತೋರಿಸದೆ ಸಿಮ್ ಚಾಲೂ ಮಾಡುವಂತಿಲ್ಲ. ಸರಿ, ವಿಡಿಯೋ ಕಾಲ್‌ನಲ್ಲಿ ಪಾಸ್‌ಪೋರ್ಟ್ ಹಿಡಿದೆ. ಹೀಗೆ ಓರೆ ಮಾಡಿ, ಹಾಗೆ ಓರೆ ಮಾಡಿ, ಬೆರಳು ತೆಗೆಯಿರಿ. ಆಮೇಲೆ ಆ ಹುಡುಗಿ ಸರ್‌ನೇಮ್ ಎಲ್ಲಿ ಅಂದಳು. ಇಲ್ಲಮ್ಮ, ನಮ್ಮ ಕಡೆ ಇನಿಶಿಯಲ್ ಅಷ್ಟೇ, ಪಾಸ್‌ಪೋರ್ಟ್‌ನಲ್ಲಿ ಆ ಜಾಗ ಖಾಲಿ. ಅವಳ ಫಾರಂ ಖಾಲಿ ಬಿಟ್ಟರೆ ಮುಂದೆ ಹೋಗೊಲ್ಲ. ಒಂದು ಗೀಟು ಹಾಕಿದಳು. ಹೆಸರು ಪಾಸ್‌ಪೋರ್ಟ್‌ಗೆ ಹೊಂದೊಲ್ಲ ಅಂತ ಅರ್ಜಿ ವಾಪಸ್ ಬಂತು. ಅರವತ್ತೆರಡು ವರ್ಷ ಇಟ್ಟುಕೊಂಡ ಹೆಸರು ಸಾಲದಾಯಿತು ಒಂದು ಸಿಮ್ಮಿಗೆ. ಕೊನೆಗೆ ಅಳಿಯನ ಹೆಸರಲ್ಲೇ ತಗೊಂಡೆವು.

ಆ ಸಿಮ್ ಹಾಕಿಕೊಂಡು ಒಂದು ಭಾನುವಾರ ರೈಲಿನಲ್ಲಿ ಸಾಲ್ಸ್‌ಬರ್ಗ್‌ಗೆ ಹೋದೆವು. ದೇಶವೇ ಬೇರೆ, ಆಸ್ಟ್ರಿಯಾ. ರೋಮಿಂಗ್‌ಗೆ ಅಂತ ಒಂದು ಪೈಸೆ ಜಾಸ್ತಿ ಇಲ್ಲ, ಯುರೋಪಿಯನ್ ಒಕ್ಕೂಟದೊಳಗೆ 2017ರಿಂದಲೇ ಹಾಗಂತೆ. ಅಂದರೆ ಮಾಡಬೇಕು ಅಂದರೆ ಮಾಡಬಹುದು, ಅಲ್ವಾ?

ಈ ಸಲ ಹೊರಡುವ ಹಿಂದಿನ ರಾತ್ರಿ 84 ದಿನದ ಪ್ಯಾಕ್ ಹಾಕಿಸಿದ್ದೆ. 28 ಮೂರಲಿ 84. ನಾನಿರೋದು 90 ದಿನ. ಆರು ದಿನ ಕಮ್ಮಿ ಬೀಳುತ್ತೆ ಅಂತ ಗೊತ್ತಿತ್ತು. "ಅಲ್ಲಿಂದಲೇ ಆನ್‌ಲೈನ್ ಮಾಡ್ಕೊಳಿ ಮೇಡಂ" ಅಂದಿದ್ದ ಅಂಗಡಿ ಹುಡುಗ. ಮಗುವಿಗೆ ಜ್ವರ ಬಂದು ನೆನಪೇ ಹಾರಿತು. 86ನೇ ದಿನ ಆ್ಯಪ್ ತೆರೆದು ಕಾರ್ಡ್ ನಂಬರ್ ಹಾಕಿದೆ. ಒಟಿಪಿ ಕಳಿಸಿದ್ದೇವೆ ಅಂತ ಬಂತು. ಯಾವ ನಂಬರಿಗೆ? ರೀಚಾರ್ಜ್ ಇಲ್ಲದೆ ಮಲಗಿದ್ದ ಅದೇ ನಂಬರಿಗೆ! ಹತ್ತು ನಿಮಿಷ ಫೋನನ್ನೇ ದಿಟ್ಟಿಸಿಕೊಂಡು ಕೂತೆ, ಬರಲಿಲ್ಲ.

ಕೊನೆಗೆ ಮಗಳ ವಾಟ್ಸಾಪ್‌ನಿಂದ ಹಾಸನದ ಪಕ್ಕದ ಮನೆ ಹುಡುಗನಿಗೆ ಫೋನ್ ಮಾಡಿ ಗೋಗರೆದೆ. ನಾಲ್ಕು ದಿನಕ್ಕೆ ಆಗೋಷ್ಟು ಏನಾದರೂ ಹಾಕಪ್ಪ ಅಂದೆ.

"ಆಂಟಿ, ನಾಲ್ಕು ದಿನದ್ದು ಯಾವುದೂ ಇಲ್ಲ. 28 ದಿನದ್ದೇ ಹಾಕ್ತೀನಿ" ಅಂದ.